ಮೂರನೆಯ ಗುಳಿಯ ಸೌತೆ

ಮಾರ್ಚ್ ತಿಂಗಳ ಒಂದು ಭಾನುವಾರ ಸಂಜೆ ನಾನು ನಮ್ಮ ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ಏಳು ಹೆಜ್ಜೆ ದೂರದಲ್ಲಿ, ಮೂರನೆಯ ಸೌತೆ ಗುಳಿಯ ಆಚೆ ಬದಿಗೆ ನಿಂತಿದ್ದೆ. ಕೈಯಲ್ಲಿ ನೀರಿನ ಪೈಪು ಇತ್ತು. ಮೂಡುಬಿದಿರೆ ಕಡೆಗೆ ಹೋಗುವ ಐದು ಹತ್ತರ ಬಸ್ಸು ತೋಡಾರಿನ ತಿರುವಿನಲ್ಲಿ ಹಾರ್ನ್ ಹಾಕಿದ್ದು ಆಗಷ್ಟೇ ಕೇಳಿತ್ತು. ಎದುರಿಗೆ, ಹಿಂದಿನ ಜಗಲಿಯಲ್ಲಿ, ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಅವಳಿಗೂ ನನಗೂ ನಡುವೆ, ಒಂದೇ ನೇರದಲ್ಲಿ, ಅಂಗೈಯಷ್ಟು ಉದ್ದದ ಒಂದು ಸೌತೆ ಮಿಡಿ ನೆಲದ ಮೇಲೆ ಮಲಗಿತ್ತು. ದಸ್ತಾವೇಜು ಬರೆಯುವುದು ನನ್ನ ಕೆಲಸ. ಯಾವುದರ ಮೂಡಕ್ಕೆ ಯಾವುದು, ಪಡುವಕ್ಕೆ ಯಾವುದು ಎಂದು ಬರೆದು ಅಭ್ಯಾಸ. ಆದ್ದರಿಂದ ಮೊದಲು ಇಷ್ಟನ್ನು ಸರಿಯಾಗಿ ಹೇಳಿಬಿಡುತ್ತೇನೆ.

ಅದಕ್ಕೆ ಮೊದಲು ನಮ್ಮ ಮನೆಯಲ್ಲಿ ಯಾರೂ ತರಕಾರಿ ಬೆಳೆದವರಲ್ಲ. ಅಮ್ಮ ಹುಟ್ಟಿದ್ದು ಬೆಳುವಾಯಿಯ ಗದ್ದೆಯ ಮನೆಯಲ್ಲಿ. ಕೊಯ್ಲಾದ ಗದ್ದೆಗೆ ಸೌತೆ, ಅಲಸಂಡೆ ಹಾಕುವುದನ್ನು ನೋಡಿ ಬೆಳೆದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಲವತ್ತು ವರ್ಷ ಬೀಡಿ ಕಟ್ಟಿದಳು. ಮಡಿಲಲ್ಲಿ ಗೆರಸೆ, ಗೆರಸೆಯಲ್ಲಿ ಎಲೆ, ಹೊಗೆಸೊಪ್ಪು. ತಲೆ ಎತ್ತಿ ಹಿತ್ತಿಲಿನ ಕೆಂಪು ಮಣ್ಣನ್ನು ನೋಡಿದಾಗಲೆಲ್ಲ, "ಬೀಡಿ ಬಿಟ್ಟ ಮೇಲೆ ಇಲ್ಲಿ ಸೌತೆ ಹಾಕ್ತೇನೆ. ಒಂದು ವರ್ಷವಾದರೂ ಬಿಸು ಕಣಿಗೆ ನಮ್ಮದೇ ಸೌತೆ ಆಗ್ಬೇಕು" ಅನ್ನುತ್ತಿದ್ದಳು. ಬಿಸು ಅಂದರೆ ಏಪ್ರಿಲ್ ನಡುವೆ ಬರುವ ನಮ್ಮ ಹೊಸ ವರ್ಷ. ಆ ಬೆಳಿಗ್ಗೆ ಎದ್ದ ಕೂಡಲೇ ನೋಡಲು ಕನ್ನಡಿಯೆದುರು ಇಡುವ ಕಣಿಯ ಫಲಗಳಲ್ಲಿ, ಹುಳಿಗೆ ಹಾಕುವ ಹಳದಿ ಸೌತೆ ಇರಲೇಬೇಕು. ನಮ್ಮದು ಪ್ರತಿ ವರ್ಷವೂ ಅಂಗಡಿಯದು.

ಅವಳು ಬೀಡಿ ಬಿಡುವ ಮೊದಲೇ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ಮಾತು ಹೋಯಿತು. ನೀರು ಬೇಕಾದರೆ ಚೊಂಬಿಗೆ ಬೆರಳು, ಸೆಕೆಯಾದರೆ ಫ್ಯಾನಿಗೆ ಬೆರಳು. ಉಳಿದ ಮಾತೆಲ್ಲ ಎಡಗೈಯ ಆ ಒಂದು ತೋರುಬೆರಳಿನಲ್ಲಿತ್ತು. ನಾವು ಕೇಳಿದ್ದಕ್ಕೆ ಹೌದು, ಅಲ್ಲ ಎಂದು ತಲೆಯಾಡಿಸುತ್ತಿದ್ದಳು.

ಜನವರಿಯಲ್ಲಿ ನಾನೂ ನನ್ನ ಹೆಂಡತಿಯೂ ಸೇರಿ ಆರು ಗುಳಿ ತೋಡಿದೆವು. ಬೇಲಿಯಾಚೆಯ ಬ್ಯಾರಿ ಹೆಂಗಸು ನೋಡುತ್ತ ನಿಂತಿದ್ದಳು. ಅಮ್ಮನ ಜೊತೆ ನಮ್ಮ ಜಗಲಿಯಲ್ಲೇ ಇಪ್ಪತ್ತು ವರ್ಷ ಬೀಡಿ ಕಟ್ಟಿದವಳು ಅವಳು.

"ಇದೆಂಥ ಮಾರಾಯ, ಸೌತೆಗೋ ತೆಂಗಿಗೋ ಗುಳಿ?"

"ಇವರು ಕಾಗದದ ಮೇಲೆ ಎಷ್ಟು ಎಕ್ರೆ ಬೇಕಾದ್ರೂ ಅಳೀತಾರೆ. ಮಣ್ಣಿಗೆ ಇಳಿದದ್ದು ಇದೇ ಮೊದಲು" ಎಂದಳು ನನ್ನ ಹೆಂಡತಿ.

ಗುಳಿಗೆ ನಾನು ಹಸಿ ಸೆಗಣಿ ಸುರಿದೆ. ಅಮ್ಮ ಕುರ್ಚಿಯ ಕೈಯನ್ನು ಪಟಪಟ ಬಡಿದಳು. ಖುಷಿಯಾಗಿದೆ ಅಂದುಕೊಂಡು ಇನ್ನೊಂದು ಬುಟ್ಟಿ ಸುರಿದೆ. ಎರಡೆಲೆ ಬಂದ ಸಸಿಗಳೆಲ್ಲ ವಾರದೊಳಗೆ ಸುಟ್ಟ ಹಾಗೆ ಹಳದಿಯಾದವು. ಅವಳು ಬಡಿದದ್ದು ಬೇಡ ಎಂದು ಹೇಳಲಿಕ್ಕೆ. ಮಣ್ಣು ತೆಗೆದು, ಬೂದಿ ಮತ್ತು ಹಳೆಯ ಗೊಬ್ಬರ ಹಾಕಿ, ಮತ್ತೆ ಬೀಜ ಊರಿದೆವು. ಆಮೇಲೆ ಅವಳನ್ನು ಕೇಳದೆ ಏನೂ ಮಾಡಲಿಲ್ಲ.

ಹೂ ಬಿದ್ದು ಮಿಡಿ ಕಾಣತೊಡಗಿದಾಗ ಒಂದು ತೊಡಕು ಬಂತು. ಮಿಡಿಗೆ ಬೆರಳು ತೋರಿಸಬಾರದು, ತೋರಿಸಿದರೆ ಕೊಳೆಯುತ್ತದೆ ಎಂಬ ಮಾತು ನಮ್ಮಲ್ಲಿ ಉಂಟು. ಚಿಕ್ಕಂದಿನಲ್ಲಿ ಯಾರದೋ ಚಪ್ಪರದ ಹೀರೆಗೆ ಬೆರಳು ತೋರಿಸಿದ್ದಕ್ಕೆ ಅಮ್ಮ ನನ್ನ ಕೈಗೆ ಹೊಡೆದಿದ್ದಳು. ಈಗ ಅವಳಿಗೆ ಬೆರಳಲ್ಲದೆ ಬೇರೆ ಮಾತಿಲ್ಲ. ಆದರೂ ಹಿತ್ತಿಲಿಗೆ ತಿರುಗಿದರೆ ಬೆರಳು ಮಡಚಿ ಮುಷ್ಟಿ ಮಾಡುತ್ತಿದ್ದಳು. ಮುಷ್ಟಿ ಆಡಿಸುವಳು, ಗದ್ದ ಎತ್ತುವಳು. "ಇದಾ? ಇದರ ಪಕ್ಕದ್ದಾ? ಕೆಳಗೆ ಎಲೆ ಹಾಸ್ಬೇಕಾ?" ಎಂದು ನಾನು ಒಂದೊಂದನ್ನೇ ಕೇಳುತ್ತ ಹೋಗಬೇಕು. ಸರಿಯಾದದ್ದು ಬಂದಾಗ ಅವಳ ಅರ್ಧ ಮುಖ ನಗುತ್ತಿತ್ತು. ಆ ಎರಡು ವಾರ ನಾವು ಮಾತಾಡಿದಷ್ಟು ಅವಳಿಗೆ ಮಾತಿದ್ದಾಗಲೂ ಆಡಿರಲಿಲ್ಲ.

ಆ ಭಾನುವಾರ ಬಸ್ಸಿನ ಸದ್ದು ನಿಂತ ಮೇಲೆ ನಾನು ತಲೆ ಎತ್ತಿದೆ. ಅಮ್ಮನ ಎಡಗೈ ಎದ್ದಿತ್ತು. ತೋರುಬೆರಳು ನೆಟ್ಟಗಿತ್ತು. ಮೂರನೆಯ ಗುಳಿಯ ಮಿಡಿಯ ಕಡೆಗೆ ಎಂದು ನನಗೆ ಕಂಡಿತು.

"ಅಯ್ಯೋ ಅಮ್ಮ, ನೀನೇ ಬೆರಳು ತೋರಿಸುವುದಾ! ಕೊಳೆಯುತ್ತದೆ. ಮಡಚು, ಮಡಚು. ಇಲ್ಲದಿದ್ರೆ ಬಂದು ಕೈಗೆ ಹೊಡೀತೇನೆ" ಎಂದೆ.

ಕಲ್ಲಿನ ಹತ್ತಿರ ಬಟ್ಟೆ ಹಿಂಡುತ್ತಿದ್ದ ನನ್ನ ಹೆಂಡತಿ ಜೋರಾಗಿ ನಕ್ಕಳು. ಬೇಲಿಯಾಚೆಯಿಂದಲೂ ನಗು ಕೇಳಿತು. ಅಮ್ಮ ನನ್ನನ್ನು ನೋಡಿದಳು. ಬೆರಳು ಮಡಚಿದಳು. ಕೈ ಮಡಿಲಿಗೆ ಇಳಿಯಿತು.

ಎಂಥ ಬೇಕಮ್ಮ ಎಂದು ನಾನು ಕೇಳಲಿಲ್ಲ.

ಮೂರನೆಯ ಗುಳಿಗೆ ನೀರು ಬಿಟ್ಟು, ನಾಲ್ಕನೆಯದಕ್ಕೆ, ಐದನೆಯದಕ್ಕೆ, ಆರನೆಯದಕ್ಕೆ ಬಿಟ್ಟೆ. ಗುಳಿಗೆ ಒಂದು ನಿಮಿಷವಾದರೂ ಬೇಕು. ಒಟ್ಟು ನಾಲ್ಕು ನಿಮಿಷ. ಪೈಪು ಎಳೆದುಕೊಂಡು ಜಗಲಿಗೆ ಬಂದಾಗ ಅವಳ ತಲೆ ಬಲಕ್ಕೆ ವಾಲಿತ್ತು. ಕರೆದೆ. ಹೆಂಡತಿ ಒದ್ದೆ ಕೈಯಲ್ಲೇ ಓಡಿಬಂದಳು. ರಿಕ್ಷಾ ಮೂಡುಬಿದಿರೆ ಮುಟ್ಟುವ ಮೊದಲೇ ಜೀವ ಹೋಗಿತ್ತು. ಎರಡನೆಯ ಸಲ ಬಡಿದದ್ದು, ಅದೇನೂ ನಿಮ್ಮ ಕೈಯಲ್ಲಿರಲಿಲ್ಲ ಎಂದರು ಡಾಕ್ಟರು. ಇರಬಹುದು. ಅವಳ ಬೆರಳು ಮಡಚಿಯೇ ಇತ್ತು.

ಹದಿಮೂರನೆಯ ದಿನದ ಉತ್ತರಕ್ರಿಯೆ, ಬೊಜ್ಜ, ಮುಗಿದ ಮರುದಿನ ನಾನು ಬೇಲಿಯ ಹತ್ತಿರ ಹೋಗಿ ಆ ಬ್ಯಾರಿ ಹೆಂಗಸನ್ನು ಕೇಳಿದೆ. "ಅಮ್ಮ ಆವತ್ತು ಆ ಮಿಡಿಗೆ ಎಂಥ ಮಾಡ್ಲಿಕ್ಕೆ ಹೇಳಿದ್ದು? ನಿನಗೆ ಗೊತ್ತಾಯ್ತಾ?"

"ಮಿಡಿಗೆ ಅಲ್ಲ. ಅವಳು ಜೀವ ಹೋದರೂ ಮಿಡಿಗೆ ಬೆರಳು ತೋರಿಸ್ಲಿಕ್ಕಿಲ್ಲ. ನಿನಗೆ ತೋರಿಸಿದ್ದು. ನಿನ್ನನ್ನು ಕರೆದದ್ದು."

"ಆಗಲೇ ಹೇಳ್ಬೇಕಿತ್ತಲ್ಲ."

"ನೀವು ನಗಾಡಿದ್ರಿ. ನಾನೂ ನಗಾಡಿದೆ."

ನಾನು ಹೋಗಿ ಆ ಕುರ್ಚಿಯಲ್ಲಿ ಕೂತು ನೋಡಿದೆ. ನಾನು ನಿಂತಿದ್ದ ಜಾಗದಲ್ಲಿ ಹೆಂಡತಿಯನ್ನು ನಿಲ್ಲಿಸಿದೆ. ನನ್ನ ಕೈ ಅವಳ ಕಡೆಗೆ ಎತ್ತಿದರೆ ಬೆರಳು ಮಿಡಿಯ ಮೇಲಿಂದಲೇ ಹಾದುಹೋಗುತ್ತಿತ್ತು.

ಆ ಮಿಡಿ ಕೊಳೆಯಲಿಲ್ಲ. ಬಲಿತು, ಹಸಿರು ಪಟ್ಟೆ ಹೋಗಿ, ಬಿಸುವಿನ ಹೊತ್ತಿಗೆ ಪೂರ್ತಿ ಹಳದಿಯಾಯಿತು. ಸಾವಿನ ಮನೆಯಾದ್ದರಿಂದ ಆ ವರ್ಷ ಕಣಿ ಇಡುವಂತಿರಲಿಲ್ಲ. ಸೌತೆಯನ್ನು ಕೆಡದ ಹಾಗೆ ಬಾಳೆನಾರಿನಲ್ಲಿ ಕಟ್ಟಿ ಹಿಂದಿನ ಜಗಲಿಯ ಕೊಕ್ಕೆಗೆ ತೂಗುಹಾಕಿದೆವು. ಮಳೆಗಾಲ ಮುಗಿಯುವವರೆಗೂ ಅದು ಗಟ್ಟಿಯಾಗಿಯೇ ಇತ್ತು. "ಹುಳಿ ಮಾಡುವ, ಬೀಜ ಇಟ್ಟುಕೊಳ್ಳುವ" ಎಂದು ಹೆಂಡತಿ ಎರಡು ಸಲ ಹೇಳಿದಳು. ಮೂರನೆಯ ಸಲ ಹೇಳಲಿಲ್ಲ.

ಅಮ್ಮನ ಬೆರಳು ಎದ್ದದ್ದನ್ನೂ ಮಡಚಿದ್ದನ್ನೂ ಕಂಡದ್ದಕ್ಕೆ, ದಸ್ತಾವೇಜಿನ ಕೊನೆಯಲ್ಲಿ ಬರೆಯುವ ಹಾಗೆ, ನನ್ನ ಜೊತೆ ಸಾಕ್ಷಿಗಳು ಇಬ್ಬರು: ಒಗೆಯುವ ಕಲ್ಲಿನ ಬಳಿ ನಿಂತಿದ್ದ ನನ್ನ ಹೆಂಡತಿ, ಮತ್ತು ಬೇಲಿಯಾಚೆ ನಿಂತಿದ್ದ, ಅಮ್ಮನ ಜೊತೆ ಬೀಡಿ ಕಟ್ಟುತ್ತಿದ್ದ ಆ ಹೆಂಗಸು.