ಟಾರ್ಚು ಮಾವನ ನೆಲ

ನಮ್ಮ ಸೋದರಮಾವನನ್ನು ಬೀದಿಯವರೆಲ್ಲ ಟಾರ್ಚು ಎಂದು ಕರೆಯುತ್ತಾರೆ. ಎದುರಿಗೆ ಅಲ್ಲ, ಬೆನ್ನ ಹಿಂದೆ. ಹಾಡುಹಗಲಲ್ಲಿ ಟಾರ್ಚು ಹಿಡಿದುಕೊಂಡು ತನ್ನ ಮನೆಯೊಳಗೇ ಓಡಾಡುವ ಮನುಷ್ಯ ಈ ಬೀದಿಯಲ್ಲಿ ಅವನೊಬ್ಬನೇ.

ಮಾವ ಬಾಟಲಿ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಬೆಲ್ಟಿನ ಮೇಲೆ ಸಾಲಾಗಿ ಬರುವ ಬಾಟಲಿಗಳನ್ನು ಬೆಳಕಿಗೆ ಹಿಡಿದು, ಗುಳ್ಳೆಯೋ ಬಿರುಕೋ ಇದ್ದದ್ದನ್ನು ಎತ್ತಿ ಪಕ್ಕಕ್ಕೆ ಹಾಕುವುದು ಅವನ ಕೆಲಸ. ಬಾಟಲಿ ಮಾಡಿದವರು ಬೇರೆ, ತೊಳೆದವರು ಬೇರೆ, ಹೊತ್ತವರು ಬೇರೆ. ಮಾವ ತಪ್ಪು ಹುಡುಕಿದ, ಅಷ್ಟೇ. ನಿವೃತ್ತನಾದ ಮೇಲೂ ಅವನ ಕೈ ಸುಮ್ಮನಿರಲಿಲ್ಲ. ಕೈ ಅನ್ನುವುದಕ್ಕಿಂತ ಕಣ್ಣು ಅನ್ನಬೇಕು. ಕೈಗೆ ಅವನು ಎಂದೂ ತೊಂದರೆ ಕೊಟ್ಟವನಲ್ಲ. ಬಾಟಲಿ ಕೈತಪ್ಪಿದ ಮೇಲೆ ಅವನಿಗೆ ನೆಲ ಸಿಕ್ಕಿತು.

ಅವನ ಮನೆಯ ಬಚ್ಚಲಿಗೂ ಅಡುಗೆಮನೆಗೂ ಟೈಲ್ಸ್, ನಡುಮನೆಗೆ ಬಿಳಿ ಮಾರ್ಬಲ್. ಬೆಳಿಗ್ಗೆ ಅತ್ತೆ ಮಂಡಿಯೂರಿ ನಡುಮನೆ ಒರೆಸುವಾಗ ಮಾವ ಕುರ್ಚಿಯ ಮೇಲೆ ಕಾಲು ಮಡಚಿ ಕೂತುಕೊಳ್ಳುತ್ತಿದ್ದ. ಟಾರ್ಚನ್ನು ನೆಲದ ಮೇಲೆ ಅಡ್ಡ ಮಲಗಿಸಿದರೆ ಬೆಳಕು ಕಲ್ಲನ್ನು ಸವರಿಕೊಂಡು ಹೋಗುತ್ತದೆ, ಸಣ್ಣ ಧೂಳೂ ಎದ್ದು ಕಾಣುತ್ತದೆ. ಇದು ಅವನು ಕಂಡುಹಿಡಿದ ಉಪಾಯ.

"ಅಲ್ಲಿ."

"ಎಲ್ಲಿ ರೀ?"

"ನಿನ್ನ ಮಂಡಿ ಪಕ್ಕ. ಕಪ್ಪಗೆ ಕಾಣ್ತಿಲ್ವಾ?"

"ಅದು ನನ್ನ ನೆರಳು."

"ನೆರಳಾದ್ರೆ ನೀನು ಸರಿದಾಗ ಸರೀಬೇಕು. ಎಲ್ಲಿ, ಸರಿ ನೋಡೋಣ."

ಅತ್ತೆ ಸರಿದಳು. ನೆರಳೂ ಸರಿಯಿತು.

"ಇರಲಿ, ಒಂದ್ಸಲ ಒರೆಸ್ಬಿಡು. ನಿನ್ನ ಗಂಟೇನು ಹೋಗುತ್ತೆ?"

ಅವನ ತಂಗಿಯಾದ ನಮ್ಮಮ್ಮ ಒಮ್ಮೆ ತಡೆಯಲಾರದೆ ಹೇಳಿದಳು: "ಅಣ್ಣಾ, ಒಂದು ದಿನ ನೀನೂ ಬಟ್ಟೆ ಹಿಡಿಯಬಾರದಾ?"

"ನಾನು ಬಟ್ಟೆ ಹಿಡಿದ್ರೆ ನೋಡೋರು ಯಾರಮ್ಮಾ?" ಎಂದ ಮಾವ. ತಮಾಷೆಗೆ ಹೇಳಿದ್ದಲ್ಲ.

ಅವನ ಜಂಬ ತಲೆಗೇರಿದ್ದು ಬಚ್ಚಲಿನಿಂದ. ಗಡಸು ನೀರು ಬಿದ್ದು ಬಿದ್ದು ಬಚ್ಚಲಿನ ಟೈಲ್ಸಿನ ಮೇಲೆ ಬಿಳಿಯ ಪದರ ಕಟ್ಟಿತ್ತು. ನಿಂಬೆಹಣ್ಣು, ವಿನೆಗರ್ ಹಾಕಿ ತಿಕ್ಕಿದರೆ ಹೋಗುತ್ತದೆಂದು ಮಾವ ಎಲ್ಲೋ ಕೇಳಿ ಬಂದ. ಅತ್ತೆ ತಿಕ್ಕಿದಳು, ಹೋಯಿತು. ಅಂದಿನಿಂದ ಮನೆಗೆ ಬಂದವರನ್ನೆಲ್ಲ ಅವನು ಮೊದಲು ಬಚ್ಚಲಿಗೆ ಕರೆದುಕೊಂಡು ಹೋಗಿ, ನಂತರ ಕುರ್ಚಿ ತೋರಿಸುತ್ತಿದ್ದ. ಅವನ ಪ್ರಕಾರ ಲೋಕದ ಎಲ್ಲ ಕೊಳೆಗೂ ಮದ್ದು ನಿಂಬೆಹಣ್ಣು. ಟೈಲ್ಸಿಗೆ ಹುಳಿ ತಾಗಿದರೆ ಅಂಥ ಹಾನಿಯಿಲ್ಲ, ಮಾರ್ಬಲ್ಲಿಗೆ ತಾಗಿದರೆ ಕಲ್ಲಿನ ಮೈಯೇ ಸವೆದುಹೋಗಿ ಮಂಕಾಗುತ್ತದೆ. ಇದು ಮಾವನಿಗೆ ಗೊತ್ತಿರಲಿಲ್ಲ. ಕೇಳಿ ತಿಳಿಯಬಹುದಿತ್ತು. ಕೇಳುವುದು ದಡ್ಡರ ಕೆಲಸವೆಂದು ಅವನು ತೀರ್ಮಾನಿಸಿಬಿಟ್ಟಿದ್ದ.

ಅತ್ತೆ ಮದುವೆಗೆ ಮುಂಚೆ ಹೊಲಿಗೆಯಲ್ಲಿ ಎತ್ತಿದ ಕೈ. ಬೀದಿಯ ಕೊನೆಯಲ್ಲಿ ಶಾಲೆ ಮಕ್ಕಳ ಬಟ್ಟೆ ಹೊಲಿಯುವ ಅಂಗಡಿಯಿದೆ. ಅಲ್ಲಿ ಒಂದು ಮೆಷಿನ್ ಖಾಲಿಯಾದಾಗ ಅಂಗಡಿಯ ಅಕ್ಕ ತಾನಾಗಿಯೇ ಮನೆಗೆ ಬಂದಳು. ಅತ್ತೆಯ ಮುಖದಲ್ಲಿ ಅಂಥ ಗೆಲುವನ್ನು ನಾವು ಎಷ್ಟೋ ವರ್ಷಗಳಿಂದ ನೋಡಿರಲಿಲ್ಲ. ಮಾವ ನಿಂಬೆಹಣ್ಣಿನ ಶರಬತ್ತು ಮಾಡಿಸಿ, ತನ್ನ ಲೋಟವನ್ನು ಕುರ್ಚಿಯ ಪಕ್ಕ ನೆಲದ ಮೇಲಿಟ್ಟುಕೊಂಡು, ಹೆಂಗಸರು ದುಡಿಯಬೇಕಾದ ಅಗತ್ಯದ ಬಗ್ಗೆ ಉದ್ದುದ್ದ ಮಾತಾಡಿದ.

"ಶಾಲೆ ಶುರುವಾಗೋದ್ರೊಳಗೆ ಬಂದ್ಬಿಡಿ," ಎಂದಳು ಅಂಗಡಿಯ ಅಕ್ಕ. "ತಡವಾದ್ರೆ ಬೇರೆ ಯಾರನ್ನಾದ್ರೂ ಕೂರಿಸ್ಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ."

ಮರುದಿನ ಬೆಳಿಗ್ಗೆ ಟಾರ್ಚಿನ ಬೆಳಕಿನಲ್ಲಿ, ಲೋಟ ಇಟ್ಟಿದ್ದ ಜಾಗದಲ್ಲಿ, ಮಂಕಾದ ಒಂದು ಉಂಗುರ ಕಂಡಿತು.

"ಇದೇನಿದು? ಈ ಕಲೆ ಹೋಗೋವರೆಗೂ ನೀನು ಎಲ್ಲಿಗೂ ಹೋಗೋ ಹಾಗಿಲ್ಲ," ಎಂದ ಮಾವ. "ಮನೆ ಹೀಗಿಟ್ಕೊಂಡು ಊರವರ ಬಟ್ಟೆ ಹೊಲಿಯೋಕೆ ಹೊರಟ್ರೆ ಜನ ಏನಂತಾರೆ?"

ಲೋಟ ಯಾರದು ಎಂಬ ಮಾತನ್ನು ಅವನು ಎತ್ತಲಿಲ್ಲ. ನಿಂಬೆಹಣ್ಣು ತರಿಸಿದ. ಅತ್ತೆ ತಿಕ್ಕಿದಳು. ಉಂಗುರ ತಟ್ಟೆಯಷ್ಟಾಯಿತು. ಇನ್ನಷ್ಟು ನಿಂಬೆಹಣ್ಣು ತರಿಸಿದ. ತಟ್ಟೆ ಪರಾತದಷ್ಟಾಯಿತು.

"ಬೆಳೀತಾ ಇದೆಯಲ್ರೀ."

"ಒಳಗಿನ ಕೊಳೆ ಮೇಲಕ್ಕೆ ಬರ್ತಿದೆ. ಬರಲಿ ಬಿಡು, ಒಳ್ಳೇದೇ."

"ಕಲ್ಲಿನೊಳಗೆ ಎಲ್ಲಿಂದ ಬಂತು ಕೊಳೆ?"

"ಅದನ್ನ ಕಲ್ಲನ್ನೇ ಕೇಳು, ನನ್ನನ್ನೇನು ಕೇಳ್ತೀಯಾ."

ಶಾಲೆ ಶುರುವಾಗುವ ದಿನ ಹತ್ತಿರ ಬರುತ್ತಿತ್ತು. ಅಂಗಡಿಯ ಅಕ್ಕ ದಾರಿಯಲ್ಲಿ ಸಿಕ್ಕರೆ ಅತ್ತೆ ತಲೆ ತಗ್ಗಿಸಿಕೊಂಡು ಬರುತ್ತಿದ್ದಳು. ಕಲ್ಲನ್ನು ಕೇಳು ಎಂಬ ಮಾತು ಮಾತ್ರ ಅವಳ ತಲೆಯಲ್ಲಿ ಉಳಿದಿರಬೇಕು. ಒಂದು ಮಧ್ಯಾಹ್ನ ಮಾವ ಗೊರಕೆ ಹೊಡೆಯುತ್ತಿದ್ದಾಗ, ನಡುಮನೆಯ ಮಂಚದ ಕೆಳಗೆ ಯಾರಿಗೂ ಕಾಣದ ಜಾಗದಲ್ಲಿ ಒಂದು ಹನಿ ನಿಂಬೆರಸ ಹಿಂಡಿದಳು. ಸ್ವಲ್ಪ ಹೊತ್ತು ಬಿಟ್ಟು ಒರೆಸಿದಳು. ಹನಿಯಷ್ಟೇ ಅಗಲದ ಮಂಕು ಚುಕ್ಕೆ ಅಲ್ಲಿ ಕೂತಿತ್ತು.

ಮಾವ ಎದ್ದ ಮೇಲೆ ಅದನ್ನು ತೋರಿಸಿದಳು. "ಕಲೆ ಮಾಡ್ತಿರೋದೇ ಈ ನಿಂಬೆಹಣ್ಣು ರೀ."

"ಹಾಗಾದ್ರೆ ಬಚ್ಚಲು ಬೆಳ್ಳಗಾಗಿದ್ದು ಸುಳ್ಳಾ?"

"ಅದು ಟೈಲ್ಸು. ಇದು ಕಲ್ಲು."

"ಎಲ್ಲಾನೂ ನೆಲಾನೇ. ಕೆಲಸ ಮಾಡೋಕೆ ಮನಸ್ಸಿಲ್ಲದೋರು ನೂರು ಹೇಳ್ತಾರೆ."

ಅತ್ತೆ ಕೇಳಿದಳು: "ನಡುಮನೇಲಿ ಒಂದು ಕಲೆಯೂ ಕಾಣಬಾರದು. ಅಷ್ಟಾದ್ರೆ ನಾನು ಅಂಗಡಿಗೆ ಹೋಗ್ಬಹುದು. ಹೌದು ತಾನೆ?"

"ಹೌದು."

"ಆಮೇಲೆ ಮಾತು ಬದಲಾಯಿಸಬಾರದು."

"ನಾನು ಮಾತು ಬದಲಾಯಿಸಿದ್ದನ್ನ ಯಾವತ್ತಾದ್ರೂ ನೋಡಿದ್ಯಾ?" ಎಂದ ಮಾವ. ನಿಜವೇ. ಮೂರ್ಖತನದಲ್ಲಿ ಅವನಷ್ಟು ಸ್ಥಿರವಾಗಿ ನಿಲ್ಲುವವರು ಕಡಿಮೆ.

ಮರುದಿನ ಅವನು ಕ್ಷೌರಕ್ಕೆ ಹೋದ. ಅಲ್ಲಿಯೂ ನೆಲ ನೋಡಿ ಬುದ್ಧಿ ಹೇಳದೆ ಬರುವವನಲ್ಲ, ಹಾಗಾಗಿ ಸಮಯವಿತ್ತು. ಅತ್ತೆ ಒಂದು ಬಕೆಟ್ಟಿಗೆ ಮನೆಯಲ್ಲಿದ್ದ ವಿನೆಗರ್ ಪೂರ್ತಿ ಸುರಿದು, ಉಳಿದ ನಿಂಬೆಹಣ್ಣುಗಳನ್ನೂ ಹಿಂಡಿದಳು. ಉದ್ದನೆಯ ಕೋಲಿಗೆ ಬಟ್ಟೆ ಕಟ್ಟಿಕೊಂಡು, ಮಂಡಿಯೂರದೆ, ನಿಂತೇ ನಡುಮನೆಯನ್ನು ಗೋಡೆಯಿಂದ ಗೋಡೆಗೆ ಹುಳಿನೀರಿನಲ್ಲಿ ತೋಯಿಸಿದಳು. ಕುರ್ಚಿ, ಮಂಚ ಸರಿಸಿ ಅಡಿಯಲ್ಲೂ ಬಿಡಲಿಲ್ಲ. ಒಂದಿಷ್ಟು ಹೊತ್ತು ನೆನೆಯಲು ಬಿಟ್ಟು, ಮತ್ತೆ ಹಾಗೇ ಮಾಡಿ, ಒಳ್ಳೆಯ ನೀರಿನಲ್ಲಿ ತೊಳೆದು ಒಣಗಿಸಿದಳು.

ಮಾವ ಬಂದು ಟಾರ್ಚು ಹಚ್ಚಿದ. ಮೊದಲು ನಿಂತು ನೋಡಿದ. ನಂಬಿಕೆ ಬರದೆ ಕೈಕಾಲು ಊರಿ ಅಂಬೆಗಾಲಿಕ್ಕುತ್ತ ಹುಡುಕಿದ. ತನ್ನ ಜನ್ಮದಲ್ಲಿ ಅವನು ನೆಲಕ್ಕೆ ಮಂಡಿ ಊರಿದ್ದು ಅದೇ ಮೊದಲಿರಬೇಕು. ಉಂಗುರವಿಲ್ಲ, ತಟ್ಟೆಯಿಲ್ಲ, ಪರಾತವಿಲ್ಲ. ಇಡೀ ನೆಲ ಒಂದೇ ಸಮನೆ ಮಂಕಾಗಿ ಬೂದಿ ಬಳಿದ ಹಾಗೆ ಮಲಗಿತ್ತು.

"ಹೊಳಪೆಲ್ಲಿ ಹೋಯ್ತೇ?"

"ಹೊಳಪಿನ ಮಾತೇ ಬಂದಿರಲಿಲ್ಲವಲ್ಲ. ಕಲೆ ಇದ್ರೆ ತೋರಿಸಿ."

ಈಗ ಮಾವನ ಮುಂದೆ ಇದ್ದದ್ದು ಎರಡೇ ದಾರಿ. ನಿಂಬೆಹಣ್ಣು ಕಲ್ಲನ್ನು ತಿಂದಿತೆಂದರೆ ಮೊದಲ ಉಂಗುರ ತನ್ನ ಲೋಟದ್ದೆಂದೂ, ಅದನ್ನು ಪರಾತದಷ್ಟು ಮಾಡಿದ್ದು ತನ್ನ ಅಪ್ಪಣೆಯೆಂದೂ ಒಪ್ಪಬೇಕು. ಅದಕ್ಕಿಂತ ಅವನಿಗೆ ಊರು ಬಿಡುವುದು ಸುಲಭ. ಉಳಿದದ್ದು, ನೆಲ ಇರಬೇಕಾದದ್ದೇ ಹೀಗೆ ಎನ್ನುವುದು. ಟಾರ್ಚು ಆರಿಸಿ, ಎದ್ದು, ಮಂಡಿ ಕೊಡವಿಕೊಂಡು, "ಜಾಸ್ತಿ ಹೊಳೆದ್ರೆ ಕಣ್ಣಿಗೂ ಒಳ್ಳೇದಲ್ಲ," ಎಂದ.

ಮುಂದಿನ ವಾರ ನಮ್ಮಮ್ಮ ಹೋದಾಗ ಬಾಗಿಲಲ್ಲೇ ನಿಂತುಬಿಟ್ಟಳು.

"ಅಣ್ಣಾ, ನೆಲಕ್ಕೆ ಯಾಕೆ ಹೀಗೆ ಮಂಕು ಬಡಿದಿದೆ?"

"ಮಂಕಲ್ಲಮ್ಮಾ, ಮ್ಯಾಟ್ ಫಿನಿಶ್. ಈಗ ದೊಡ್ಡೋರ ಮನೇಲೆಲ್ಲ ಇದೇ. ತುಂಬಾ ಯೋಚನೆ ಮಾಡಿ ಮಾಡಿಸಿದೆ."

"ಅತ್ತಿಗೆ ಎಲ್ಲಿ?"

"ಹೊಲಿಗೆ ಅಂಗಡೀಲಿ. ಬೆಳಿಗ್ಗೆ ಹೋದ್ರೆ ಸಂಜೆಗೇ ಬರೋದು," ಎಂದ ಮಾವ, ಕುರ್ಚಿಯ ಮೇಲೆ ಕಾಲು ಮಡಚಿ ಕೂರುತ್ತ. "ನಾನೇ ಕಳಿಸಿದ್ದು."