ನಳದ ದನಿ

ತಪ್ಪು ನನ್ನದೇ. ಬಾಗಲಕೋಟೆಯ ಕಾಲೇಜಿನಲ್ಲಿ ನಿಂತುಕೊಂಡೇ, ಇಳಕಲ್ಲಿನಲ್ಲಿ ಮಗ್ಗದ ಕುಣಿಯೊಳಗೆ ಕೂತಿದ್ದ ಗೆಳೆಯನ ಅವ್ವನನ್ನು ಏಳು ಸಲ ಎಬ್ಬಿಸಿದೆ. ಅದೂ ನನ್ನ ದನಿಯಿಂದಲ್ಲ, ಅವರ ಓಣಿಗೆ ನೀರು ಬಿಡುವವನ ದನಿಯಿಂದ.

ಡಿಪ್ಲೊಮಾದಲ್ಲಿ ನಮಗೆ ಇಂಟರ್‌ನೆಟ್ಟಿಗೆ ಜೋಡಿಸಿದ ಒಂದು ಸಣ್ಣ ಸಾಧನ ಮಾಡಿ ತೋರಿಸಿರೆಂದು ಹೇಳಿದ್ದರು. ಉಳಿದವರು ಫೋನಿನಿಂದ ದೀಪ ಹಚ್ಚಿ ಆರಿಸುವುದಕ್ಕೆ ಕೈ ಹಾಕಿದರು. ನನ್ನ ಗೆಳೆಯನಿಗೆ ಅವ್ವನ ಚಿಂತೆ. ಅವರ ನಳಕ್ಕೆ ನೀರು ನಾಲ್ಕೈದು ದಿನಕ್ಕೊಮ್ಮೆ. ಯಾವ ಹೊತ್ತಿಗೆ ಎಂದು ಹೇಳುವವರಿಲ್ಲ; ನೀರು ಬಿಡುವವನು ಮನಸ್ಸಾದರೆ ಓಣಿಯಲ್ಲಿ ಕೂಗುತ್ತಾನೆ, ಇಲ್ಲದಿದ್ದರೆ ಇಲ್ಲ. ಬಂತೋ ಇಲ್ಲವೋ ಎಂದು ಆಕೆ ಸೀರೆ ನೇಯುವುದನ್ನು ಬಿಟ್ಟು ಗಳಿಗೆಗೊಮ್ಮೆ ಅಂಗಳಕ್ಕೆ ಹೋಗಿ ನೋಡಬೇಕು. ಅವ್ವ ಒಂದು ದಿನವಾದರೂ ಎದ್ದೇಳದೆ ಕೂಡ್ರಲಿ ಎನ್ನುವುದೇ ಅವನ ಆಸೆ.

ನಳಕ್ಕೆ ಪುಟ್ಟ ಚಕ್ರವಿದ್ದ ಸೆನ್ಸರ್ ಕೂಡಿಸಿದೆವು. ಚಕ್ರ ತಿರುಗಿದರೆ ಮಗ್ಗದ ಪಕ್ಕದ ಮಾಡದಲ್ಲಿಟ್ಟ ಹಳೆಯ ಫೋನು ಕೂಗಬೇಕು. ಕೂಡಿಸಿದೆವು ಎಂದೆನಲ್ಲ, ಕೂಡಿಸಿದವನು ಅವನು. ನನಗೆ ಒಂದು ಕಡೆ ಕೂತು ಗೊತ್ತಿಲ್ಲ. ತಂತಿ ಉಲ್ಟಾ ಹಚ್ಚಿ ಒಂದು ಸೆನ್ಸರ್ ಸುಟ್ಟ ಮೇಲೆ ಅವನು ನನ್ನ ಕೈಗೆ ಏನೂ ಕೊಡಲಿಲ್ಲ. ನನ್ನ ಪಾಲಿಗೆ ಉಳಿದದ್ದು ಕೂಗು. ನೀರು ಬಿಡುವವನಂತೆಯೇ ಮೂಗಿನಲ್ಲಿ ಎಳೆದು, "ನೀರ್ ಬಂದಾವ್ರಿ ಯವ್ವಾ, ಕೊಡಾ ಹಚ್ಚರಿ" ಎಂದು ರೆಕಾರ್ಡ್ ಮಾಡಿಕೊಟ್ಟೆ.

ತೋರಿಸುವ ದಿನ ಅವನು ಸೆನ್ಸರನ್ನು ಬಿಚ್ಚಿ ಕಾಲೇಜಿಗೆ ತಂದ. ಸೆನ್ಸರ್ ಕೂಗಿಸುವ ಫೋನುಗಳ ಪಟ್ಟಿಯಿಂದ ಮನೆಯ ಫೋನನ್ನು ತೆಗೆಯುವ ಒಂದೇ ಕೆಲಸ ನನಗೆ ಹೇಳಿದ್ದ. ಆಮೇಲೆ ಮಾಡಿದರಾಯಿತು ಎಂದುಕೊಂಡು, ತೆಗೆದೇನಿ ಎಂದುಬಿಟ್ಟೆ.

ಚಂಬಿನಿಂದ ನೀರು ಸುರಿದೆ. ಮೇಜಿನ ಮೇಲಿನ ಫೋನು ಕೂಗಿತು, ಎಲ್ಲರೂ ನಕ್ಕರು. ಇನ್ನೊಮ್ಮೆ ಅಂದರು, ಸುರಿದೆ. ಮಾಸ್ತರು ಬಂದರು, ಸುರಿದೆ. ಅವರು ಕನ್ನಡಕ ಸರಿಸಿಕೊಂಡು ಹೋದದ್ದನ್ನು ಹಾಗೇ ಮಾಡಿ ತೋರಿಸುತ್ತ ಮತ್ತೆ ಸುರಿದೆ. ಗೆಳೆಯ ಸಾಕೆಂದರೂ ಕೈ ನಿಲ್ಲಲಿಲ್ಲ. ಎಲ್ಲ ಮುಗಿದ ಮೇಲೆ ಅವನು ತನ್ನ ಫೋನು ನೋಡಿಕೊಂಡ. ಅವ್ವ ಮೂರು ಸಲ ಕರೆ ಮಾಡಿದ್ದಳು. ತಿರುಗಿ ಹಚ್ಚಿದರೆ ಆಕೆ ಕೇಳಿದ್ದು ಇಷ್ಟೇ: ಇವತ್ತು ನೀರಿನವನಿಗೆ ಏನಾಗಿದೆ, ಏಳು ಸಲ ಕೂಗಿದ, ನಳದಾಗ ಹನಿ ಇಲ್ಲ.

ಸೆನ್ಸರ್ ಮನೆಯಲ್ಲಿಲ್ಲ ಎಂದು ಆಕೆಗೆ ಗೊತ್ತಿತ್ತು. ಹಾಗಾಗಿ ಫೋನಿನ ಮೇಲೆ ಸಂಶಯವೇ ಬರಲಿಲ್ಲ. ಓಣಿಯಲ್ಲಿ ಅವನೇ ಕೂಗಿದ ಎಂದುಕೊಂಡಳು. ನನ್ನ ವಿದ್ಯೆ ಅಷ್ಟು ಚಲೋ ಇತ್ತು.

ಕೂಡಲೇ ಇಬ್ಬರೂ ಇಳಕಲ್ಲಿನ ಬಸ್ಸು ಹತ್ತಿದೆವು. ಹುನಗುಂದದಲ್ಲಿ ಬಸ್ಸು ನಿಂತಾಗ ನಾನು ಎರಡು ಸಲ ಇಳಿದು ಎರಡು ಸಲ ಹತ್ತಿದೆ. ಕಂಡಕ್ಟರನ ದನಿ ಮಾಡಿ ನಗಿಸಲು ನೋಡಿದೆ. ಅವನು ಕಿಟಕಿಯತ್ತ ತಿರುಗಿ, "ಅವ್ವ ಇವತ್ತ ಸೆರಗಿನ ಕೊಂಡಿ ಹಾಕಾಕತ್ತಿದ್ಳಲೇ" ಎಂದ. ಸೀರೆಯ ಮೈಯ ಎಳೆಗೆ ಸೆರಗಿನ ಕೆಂಪು ರೇಷ್ಮೆಯ ಎಳೆಯನ್ನು ಒಂದೊಂದಾಗಿ ಕೂಡಿಸುವ ಕೆಲಸ ಅದು. ನಡುವೆ ಎದ್ದರೆ ಯಾವ ಎಳೆಯ ಜೋಡಿ ಯಾವುದು ಎಂಬುದೇ ತಪ್ಪುತ್ತದೆ.

ಹೋದಾಗ ಆಕೆ ತಪ್ಪಿದ ಎಳೆಗಳನ್ನು ಬಿಡಿಸಿ ಮತ್ತೆ ಕೂಡಿಸುತ್ತಿದ್ದಳು. ಅಷ್ಟರಲ್ಲಿ ನಿಜವಾಗಿಯೂ ನೀರು ಬಂದು ಹೋಗಿ ಅಂಗಳದಲ್ಲಿ ಕೊಡಗಳೆಲ್ಲ ತುಂಬಿದ್ದವು. ನಾನು ಹೊಸ್ತಿಲಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಎಲ್ಲ ಒಪ್ಪಿಕೊಂಡೆ. ಹಂಗಾದರೆ ನೀರು ಬಂದದ್ದು ಹೇಗೆ ತಿಳಿಯಿತೆಂದು ಗೆಳೆಯ ಕೇಳಿದ. ನೀರಿಗಿಂತ ಮುಂಚೆ ಗಾಳಿ ಬಂದು ನಳ ಸುಂಯ್ ಅನ್ನುತ್ತದೆ, ಅದಕ್ಕೆ ಎದ್ದೆ ಎಂದಳು. ಆಮೇಲೆ ಎಳೆಯ ಮೇಲಿನ ಕಣ್ಣು ತೆಗೆಯದೆ, ಫೋನಿನಾಗ ಆ ದನಿ ಹಾಕಿದ್ದರೆ ನಾನು ಮೋಸ ಹೋಗುತ್ತಿರಲಿಲ್ಲ, ನಳದ ದನಿ ಮಾಡದಿಂದ ಬರುವುದಿಲ್ಲವಲ್ಲ ಎಂದಳು.

ನನಗೆ ಜೀವ ಬಂತು. "ಅದೇನ್ ದೊಡ್ಡದ್ ಬಿಡ್ರಿ ಕಾಕು, ಈಗ ಮಾಡ್ತೇನಿ" ಎಂದು ಹಲ್ಲಿನ ಸಂದಿನಿಂದ ಸುಂಯ್ ಅಂದೆ. ಹೊರಗೆ ಪಕ್ಕದ ಮನೆಯವರು ಮತ್ತೆ ನೀರು ಬಂತೆಂದು ಕೊಡ ಹಿಡಿದುಕೊಂಡು ಓಡಿಬಂದರು.

ಆಕೆ ಆಗ ತಲೆ ಎತ್ತಿದಳು.

"ನೀ ಮಾಡಬ್ಯಾಡಪಾ. ನಳಾನ ಮಾಡ್ಲಿ."