ಮೂರನೇ ಗಾಣ ನಿಲ್ಲಿಸಿದ ದಿನ

ರಾಯಬಾಗ ಸೀಮೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ನನ್ನನ್ನು ವರ್ಕ್ಸ್ ಮ್ಯಾನೇಜರ್ ಮಾಡಿದಾಗ ಎಲ್ಲರಿಗಿಂತ ಹೆಚ್ಚು ಬೇಸರಪಟ್ಟವರು ಅಲ್ಲಿಯ ಎಂಜಿನಿಯರುಗಳು. ಅದರಲ್ಲಿ ಅವರ ತಪ್ಪೇನೂ ಇರಲಿಲ್ಲ. ನಾನು ಓದಿದ್ದು ರಸಾಯನಶಾಸ್ತ್ರ. ಅಲ್ಲಿಯವರೆಗಿನ ನನ್ನ ನೌಕರಿಯೆಲ್ಲ ಪ್ರಯೋಗಾಲಯದಲ್ಲಿ ಕೂತು ಕಬ್ಬಿನ ರಸದ ಸಿಹಿ ಅಳೆಯುವುದರಲ್ಲೇ ಕಳೆದಿತ್ತು. ಗಾಣದ ಮನೆಗೆ ಹೋಗುವ ಪ್ರಸಂಗ ಬಂದರೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಹೋಗುತ್ತಿದ್ದೆ. ಅಂಥವನ ಕೈಕೆಳಗೆ ಇನ್ನು ಮುಂದೆ ಅವರೆಲ್ಲ ದುಡಿಯಬೇಕಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದ ಕಾಲ ಅದು. ಚೀಫ್ ಎಂಜಿನಿಯರು ಸಾಂಗಲಿ ಕಡೆಯವರು, ನನಗಿಂತ ಹಿರಿಯರು. ಆಯುಷ್ಯವೆಲ್ಲ ಗಾಣದ ಸದ್ದಿನಲ್ಲಿ ಕಳೆದು ಒಂದು ಕಿವಿ ಹೋಗಿತ್ತು. ಯಂತ್ರದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುವರು; ಕೈ ತೆಗೆದ ಮೇಲೆ ಅವರು ಹೇಳಿದ್ದೇ ಕೊನೆಯ ಮಾತು. ದಿನಾ ಬೆಳಿಗ್ಗೆ ನನ್ನ ಕೋಣೆಯ ಬಾಗಿಲಲ್ಲೇ ನಿಂತು, ಎಲ್ಲಾ ಬರೋಬರ್ ಐತಿ ಎಂದು ಹೇಳಿ ಹೊರಟುಬಿಡುತ್ತಿದ್ದರು. ಕುರ್ಚಿ ತೋರಿಸಿದರೂ ಕೂರುತ್ತಿರಲಿಲ್ಲ. ಒಂದು ದಿನವಾದರೂ ಏನಾದರೊಂದು ಕೆಟ್ಟಿರಲಾರದೇ ಎಂದು ನನಗೆ ಅನ್ನಿಸುತ್ತಿತ್ತು. ಕೇಳುವುದು ಹೇಗೆಂದು ತಿಳಿಯುತ್ತಿರಲಿಲ್ಲ.

ಅವರ ಕೈಕೆಳಗೆ ನಿಪ್ಪಾಣಿಯ ಹುಡುಗನೊಬ್ಬ ಅಸಿಸ್ಟಂಟ್ ಎಂಜಿನಿಯರ್ ಆಗಿದ್ದ. ಹುಡುಗನೆಂದರೆ ನಮಗೆ ಹುಡುಗ. ಮದುವೆಯಾಗಿತ್ತು, ಬೆಳಗಾವಿಯಲ್ಲಿ ಡಿಗ್ರಿ ಮುಗಿಸಿದ್ದ. ಅಪ್ಪನದು ತಂಬಾಕಿನ ವ್ಯಾಪಾರ. ಅಂಗಡಿಯಲ್ಲಿ ಕೂರದೆ ಎಣ್ಣೆ ಮೆತ್ತಿಕೊಳ್ಳುವ ಕೆಲಸಕ್ಕೆ ಬಂದನೆಂದು ಮನೆಯವರಿಗೆ ಸಿಟ್ಟು. ಮಾತು ಕಡಿಮೆ. ಆಡಿದರೆ ಅರ್ಧ ಮರಾಠಿ, ಅರ್ಧ ಕನ್ನಡ.

ಕಬ್ಬು ನುರಿಸುವ ಹಂಗಾಮು ಭರಾಟೆಯಲ್ಲಿದ್ದ ಒಂದು ಬೆಳಿಗ್ಗೆ ಇಬ್ಬರೂ ನನ್ನ ಕೋಣೆಗೆ ಬಂದರು. ಅಂದು ಮಾತ್ರ ಚೀಫ್ ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಹುಡುಗ ಒಂದು ಬಿಳಿ ಬಟ್ಟೆಯ ಚೂರನ್ನು ನನ್ನ ಮೇಜಿನ ಮೇಲೆ ಹರಡಿದ. ಎಣ್ಣೆಯ ಕಲೆ, ಅದರಲ್ಲಿ ರವೆಯಷ್ಟು ಸಣ್ಣ, ಹೊಳೆಯುವ ಹಳದಿ ಲೋಹದ ಕಣಗಳು. ಮೂರನೇ ಗಾಣದ ಗೇರ್‌ಬಾಕ್ಸಿನ ಎಣ್ಣೆ ಅದು, ಒಳಗೆ ಬೇರಿಂಗ್ ಸವೆಯುತ್ತಿದೆ, ಈಗಲೇ ನಿಲ್ಲಿಸಿ ಬಿಚ್ಚಿ ನೋಡಬೇಕು ಎಂದ. ನೋಡುವುದೇನೂ ಇಲ್ಲ, ನಾನು ಈಗಷ್ಟೇ ಕೈ ಇಟ್ಟು ಬಂದಿದ್ದೇನೆ, ತಣ್ಣಗಿದೆ ಎಂದರು ಚೀಫ್ ಸಾಹೇಬರು.

ನಮ್ಮ ಗಾಣಗಳು ಒಂದರ ಹಿಂದೊಂದು ಸಾಲಾಗಿದ್ದವು. ಒಂದು ಹಿಂಡಿದ ಕಬ್ಬು ಮುಂದಿನದಕ್ಕೆ ಹೋಗಬೇಕು. ಹೀಗಾಗಿ ಮೂರನೆಯದು ನಿಂತರೆ ಕಾರ್ಖಾನೆಯೇ ನಿಂತಂತೆ. ಹೊರಗೆ ಅಂಗಳದಿಂದ ರಸ್ತೆಯವರೆಗೆ ಟ್ರ್ಯಾಕ್ಟರು, ಎತ್ತಿನ ಗಾಡಿಗಳ ಸಾಲು. ಕಡಿದ ಕಬ್ಬು ಬಿಸಿಲಲ್ಲಿ ನಿಂತರೆ ಅದರ ಸಕ್ಕರೆ ಹೇಗೆ ಇಳಿಯುತ್ತದೆಂಬುದು ಆ ಕೋಣೆಯಲ್ಲಿ ನನಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೆ ಗೇರ್‌ಬಾಕ್ಸಿನ ಹೊಟ್ಟೆಯಲ್ಲಿ ಏನಾಗುತ್ತಿದೆಯೆಂದು ಹೇಳುವ ವಿದ್ಯೆ ನನ್ನ ಬಳಿ ಇರಲಿಲ್ಲ. ಬಲ್ಲವರಿಬ್ಬರೂ ಎದುರಿಗೇ ಕೂತು ಬೇರೆ ಬೇರೆ ಹೇಳುತ್ತಿದ್ದರು.

ನಿಲ್ಲಿಸದಿದ್ದರೆ ಏನಾಗುತ್ತದೆಂದು ಹುಡುಗನನ್ನು ಕೇಳಿದೆ. ಏನೂ ಆಗದೆಯೂ ಇರಬಹುದು ಎಂದು ಅವನೇ ಒಪ್ಪಿಕೊಂಡ. ಆದರೆ ಬೇರಿಂಗ್ ಹಿಡಿದುಕೊಂಡರೆ ಗೇರಿನ ಹಲ್ಲುಗಳು ಮುರಿಯುತ್ತವೆ, ಪಕ್ಕದ ಕಟ್ಟೆಯ ಮೇಲೆ ಮಂದಿ ನಿಂತಿರುತ್ತಾರೆ ಎಂದ. ಆಮೇಲೆ ಚೀಫ್ ಸಾಹೇಬರ ಕೇಳುವ ಕಿವಿಯ ಕಡೆಗೆ ಬಾಗಿದೆ.

"ನಿಮ್ಮ ಕೈಗೆ ಅದು ಯಾವಾಗ ಗೊತ್ತಾಗತೈತ್ರಿ?"

"ಬಿಸಿ ಆದಾಗ."

"ಬಿಸಿ ಆದ ಮ್ಯಾಲ ನಿಲ್ಲಸಾಕ ಹೊತ್ತ ಸಿಗತೈತೇನ್ರಿ?"

ಅವರು ಬಟ್ಟೆಯ ಚೂರನ್ನು ಹತ್ತಿರ ಎಳೆದುಕೊಂಡು ನೋಡಿದರು. "ಒಮ್ಮೊಮ್ಮೆ ಸಿಗತೈತಿ," ಎಂದರು. "ಒಮ್ಮೊಮ್ಮೆ ಇಲ್ಲ."

ಅವರು ಸುಳ್ಳು ಹೇಳಲಿಲ್ಲ. ಆ ಪ್ರಾಮಾಣಿಕ ಉತ್ತರವೇ ನನಗೆ ಸಾಕಾಯಿತು. ಗಾಣ ನಿಲ್ಲಿಸಿರಿ ಎಂದೆ.

ಸಕ್ಕರೆ ಕಾರ್ಖಾನೆ ಹಂಗಾಮಿನ ನಡುವೆ ಮೌನವಾದರೆ ಸುತ್ತಲ ಊರುಗಳಿಗೆಲ್ಲ ಅದು ಕೇಳಿಸುತ್ತದೆ. ಮೊದಲು ಫೋನು ಬಂತು, ಆಮೇಲೆ ಮಂದಿ ಬಂದರು. ಅಂಕಲಿಯಿಂದ ಕಬ್ಬು ತಂದಿದ್ದ ರೈತರೊಬ್ಬರು ನನ್ನನ್ನು ಹಿಡಿದು ನಿಲ್ಲಿಸಿ, ಗಾಣಕ್ಕೆ ಏನಾಗಿದೆ ಎಂದು ಕೇಳಿದರು. ಏನಾಗಿದೆಯೆಂದು ನೋಡಲಿಕ್ಕೇ ನಿಲ್ಲಿಸಿದ್ದು ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ತಲೆಯ ಮೇಲೆ ಟವೆಲ್ ಎಳೆದುಕೊಂಡು ತಮ್ಮ ಗಾಡಿಯ ನೆರಳಿಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಗೇರ್‌ಬಾಕ್ಸಿನ ಮುಚ್ಚಳ ಎದ್ದಿತು. ಚೀಫ್ ಸಾಹೇಬರೇ ಅಂಗಿ ಬಿಚ್ಚಿಟ್ಟು ಒಳಗೆ ಬಾಗಿದರು. ಹುಡುಗ ದೀಪ ಹಿಡಿದ. ಬೇರಿಂಗುಗಳನ್ನು ಒಂದೊಂದಾಗಿ ಒರೆಸಿ, ಸವರಿ, ಅಳೆದು ನೋಡಿದರು. ಎಲ್ಲವೂ ನುಣ್ಣಗೆ, ನೆಟ್ಟಗೆ ಇದ್ದವು. ಹಳೆಯ ಯಾವುದೋ ರಿಪೇರಿಯ ಹೊತ್ತಿನ ಪುಡಿ ತಳದ ಮೂಲೆಯಲ್ಲಿ ಕೂತಿದ್ದು, ಹೊಸ ಎಣ್ಣೆ ಹಾಕಿದಾಗ ಮೇಲೆದ್ದಿತ್ತು. ಅಷ್ಟೇ. ಹುಡುಗ ದೀಪ ಕೆಳಗಿಟ್ಟ. ಚೀಫ್ ಸಾಹೇಬರು ಕೈ ತೊಳೆಯಲು ಹೋದರು. ಗಾಣ ಮತ್ತೆ ತಿರುಗುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿತ್ತು.

ಮರುದಿನವೇ ಆಡಳಿತ ಮಂಡಳಿಯ ಸಂಚಾಲಕರ ಸಭೆ ಕರೆದರು. ನನ್ನ ಜೊತೆ ಚೀಫ್ ಸಾಹೇಬರೂ ಬಂದು ಮೂಲೆಯಲ್ಲಿ ಕೂತರು. ಏಕಸಂಬಿ ಕಡೆಯ ಸಂಚಾಲಕರೊಬ್ಬರು, ಯಾರ ಮಾತು ಕೇಳಿ ನಿಲ್ಲಿಸಿದಿರಿ ಎಂದು ಬಿಡದೆ ಕೇಳಿದರು. ಅವರಿಗೆ ಒಂದು ಹೆಸರು ಬೇಕಿತ್ತು. ಹುಡುಗನ ಹೆಸರು ಕೊಟ್ಟಿದ್ದರೆ ಸಭೆ ಅಲ್ಲಿಗೇ ಮುಗಿಯುತ್ತಿತ್ತು. ಅವನು ಮರಳಿ ತಂಬಾಕಿನ ಅಂಗಡಿಗೆ ಹೋಗುತ್ತಿದ್ದ. ಜೊತೆಗೆ, ಆ ಕಾರ್ಖಾನೆಯಲ್ಲಿ ಇನ್ಯಾವ ಎಂಜಿನಿಯರೂ ಬಾಯಿ ಬಿಡುತ್ತಿರಲಿಲ್ಲ.

"ನಿಲ್ಲಸ್ದಾಂವ ನಾನ್ರಿ," ಎಂದೆ.

"ನಾಳೆ ಮತ್ತ ಹಿಂಗಾದ್ರ?"

"ಮತ್ತ ನಿಲ್ಲಸ್ತೀನ್ರಿ. ಅದು ಬ್ಯಾಡಂದ್ರ ಈ ಖುರ್ಚಿಗೆ ಬ್ಯಾರೇದವರನ್ನ ನೋಡ್ರಿ."

ಅಷ್ಟು ಗಟ್ಟಿಯಾಗಿ ಮಾತಾಡಿದೆನೆಂದು ನನಗೇ ಆಶ್ಚರ್ಯವಾಯಿತು. ಅಧ್ಯಕ್ಷರು ಸ್ವತಃ ಕಬ್ಬು ಬೆಳೆದವರು. ಗಾಣ ನಿಂತ ದಿನ ಅವರ ಕಬ್ಬೂ ಅಂಗಳದಲ್ಲೇ ಒಣಗಿತ್ತು. ನನ್ನನ್ನು ದಿಟ್ಟಿಸಿ ನೋಡಿ, ಚಹಾ ತರಿಸಿ ಎಂದರು. ಕುರ್ಚಿ ನನಗೇ ಉಳಿದು ಸಭೆ ಮುಗಿಯಿತು.

ಆದರೆ ಕಷ್ಟದ ಕೆಲಸ ಅಲ್ಲಿಂದ ಶುರುವಾಯಿತು. ಫಿಟ್ಟರುಗಳು ಆ ಹುಡುಗನನ್ನು ಕಂಡರೆ ಕರವಸ್ತ್ರ ಬಿಚ್ಚಿ ಬಿಸಿಲಿಗೆ ಹಿಡಿದು ನೋಡುವ ನಟನೆ ಮಾಡುತ್ತಿದ್ದರು. ಅವನು ಪಾಳಿ ಮುಗಿಸಿ ತಲೆ ತಗ್ಗಿಸಿ ಹೋಗುವನು. ಒಂದು ದಿನ ಬಂದು, ಮನೆಯವರು ಕರೆಯುತ್ತಿದ್ದಾರೆ, ಬಿಟ್ಟು ಹೋಗುತ್ತೇನೆ ಎಂದ. ಹಂಗಾಮು ಮುಗಿಯುವವರೆಗೆ ಯಾರನ್ನೂ ಬಿಡುವುದಿಲ್ಲ ಎಂದು ಗದರಿಸಿ ಕಳಿಸಿದೆ. ಇಂಥ ಮಂದಿಯನ್ನು ಹುಕುಂ ಕೊಟ್ಟು ದುಡಿಸಬಹುದು. ಆದರೆ ಅವರಿಗೆ ಗೊತ್ತಿದ್ದದ್ದನ್ನು ಹುಕುಮಿನಿಂದ ಹೊರಗೆ ತರಿಸಲಾಗುವುದಿಲ್ಲ. ಅದಕ್ಕೆ ಬೇರೆ ದಾರಿ ಬೇಕಿತ್ತು.

ನಾನೇ ದಿನಾ ಬೆಳಿಗ್ಗೆ ಗಾಣದ ಕಟ್ಟೆಗೆ ಹೋಗತೊಡಗಿದೆ, ಕಿವಿಯಲ್ಲಿ ಹತ್ತಿ ಇಲ್ಲದೆ. ಪಾಳಿಯ ಎಂಜಿನಿಯರುಗಳನ್ನೂ ಕೆಮಿಸ್ಟರನ್ನೂ ಸುತ್ತ ನಿಲ್ಲಿಸಿಕೊಂಡು ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇವತ್ತು ನಿಮಗೆ ಯಾವುದರ ಮೇಲೆ ಸಂಶಯವಿದೆ? ಯಾರೂ ಉತ್ತರಿಸುತ್ತಿರಲಿಲ್ಲ. ಬೂಟು ನೋಡಿಕೊಳ್ಳುವರು. ನಾನು ನನ್ನದೇ ಪ್ರಯೋಗಾಲಯದ ಮೇಲಿನ ಸಂಶಯ ಹೇಳಿದೆ, ಕೆಮಿಸ್ಟರು ಮುನಿಸಿಕೊಂಡರು. ಮ್ಯಾನೇಜರ್ ಸಾಹೇಬರಿಗೆ ಸಂಶಯದ ರೋಗ ಹತ್ತಿದೆ ಎಂದು ಕ್ಯಾಂಟೀನಿನಲ್ಲಿ ಮಾತಾಯಿತು. ಆಗಲಿ ಎಂದುಕೊಂಡೆ. ಸಂಕ್ರಾಂತಿ ಬಂತು, ಹೋಯಿತು. ನಾನು ಕೇಳುವುದನ್ನು ಬಿಡಲಿಲ್ಲ.

ಬಿಸಿಲು ಬಲಿಯತೊಡಗಿದ ಒಂದು ಬೆಳಿಗ್ಗೆ ಎಲ್ಲರೂ ಚದುರುವಾಗ ಚೀಫ್ ಸಾಹೇಬರು ಕೈ ಎತ್ತಿದರು. ಯಾವ ಪೀಠಿಕೆಯೂ ಇಲ್ಲದೆ ಹಳೆಯ ಕಥೆಯೊಂದನ್ನು ಹೇಳಿದರು. ಹೊಳೆಯ ಆಚೆಯ ಒಂದು ಕಾರ್ಖಾನೆಯಲ್ಲಿ ಅವರು ಆಗಷ್ಟೇ ಕೆಲಸಕ್ಕೆ ಸೇರಿದ್ದಾಗ ಸಂಶಯಪಟ್ಟು ಗಾಣ ನಿಲ್ಲಿಸಿದ್ದರು. ಒಳಗೆ ಏನೂ ಸಿಕ್ಕಿರಲಿಲ್ಲ. ಎಲ್ಲರ ಎದುರು ಬೈದು, ಆ ಹಂಗಾಮಿಡೀ ಅವರನ್ನು ಸ್ಟೋರಿನಲ್ಲಿ ಬೋಲ್ಟು ಕಾಯಲು ಕೂರಿಸಿದ್ದರು.

"ಅವತ್ತಿನಿಂದ ಕೈಲೆ ನೋಡೂದು ಕಲತ್ನಿ," ಎಂದರು. "ಬಾಯಿಲೆ ಹೇಳೂದು ಬಿಟ್ನಿ."

ಯಾರೂ ನಗಲಿಲ್ಲ. ಅವರು ಹುಡುಗನ ಕಡೆ ತಿರುಗಿ, ಬಾಯ್ಲರಿಗೆ ನೀರು ಒತ್ತುವ ಪಂಪಿನ ಮೇಲೆ ತಮಗೆ ಸಂಶಯವಿದೆ, ಅಂಗೈಗೆ ಸರಿಯೆನಿಸುತ್ತಿಲ್ಲ, ಏಕೆಂದು ಹೇಳಲು ಬರುತ್ತಿಲ್ಲ ಎಂದರು. ಬದಲಿ ಪಂಪಿಗೆ ಕೆಲಸ ಒಪ್ಪಿಸಿ ಇಬ್ಬರೂ ಸೇರಿ ಅದನ್ನು ಬಿಚ್ಚಿದರು. ಹುಡುಗ ಶಾಫ್ಟಿಗೆ ಸೀಮೆಎಣ್ಣೆ ಹಚ್ಚಿ, ಒರೆಸಿ, ಸುಣ್ಣ ಬಳಿದು ಕಾದ. ಬಿಳಿಯ ಮೇಲೆ ಕೂದಲೆಳೆಯಂಥ ಗೆರೆಯೊಂದು ನಿಧಾನವಾಗಿ ಒದ್ದೆಯಾಗಿ ಮೂಡಿತು. ಬಿರುಕು ಅದು, ಅದರೊಳಗೆ ಇಂಗಿದ್ದ ಸೀಮೆಎಣ್ಣೆ ಹೊರಗೆ ಬಂದಿತ್ತು. ಚೀಫ್ ಸಾಹೇಬರು ಅದರ ಗುಂಟ ಉಗುರು ಎಳೆದು, ಹುಡುಗನ ಬೆನ್ನಿನ ಮೇಲೆ ಕೈ ಇಟ್ಟರು.

ಆಮೇಲೆ ಎಲ್ಲವೂ ಸರಿಹೋಯಿತೆಂದು ಹೇಳಲಾರೆ. ಬೆಳಗಿನ ಸಂಶಯಗಳಲ್ಲಿ ಮುಕ್ಕಾಲು ಹುಸಿಯೇ ಆಗಿರುತ್ತಿದ್ದವು. ಎಂಜಿನಿಯರುಗಳೂ ಕೆಮಿಸ್ಟರೂ ಕಟ್ಟೆಯ ಮೇಲೆ ಜಗಳಾಡುವರು. ಕೆಲವು ದಿನ ಬಿಡಿಸುವುದೇ ನನ್ನ ಉದ್ಯೋಗ. ಆದರೆ ಅವರ ಜಗಳ ಈಗ ನನ್ನ ಎದುರಿಗೇ ನಡೆಯುತ್ತಿತ್ತು, ಯಂತ್ರದ ಬಗ್ಗೆ ನಡೆಯುತ್ತಿತ್ತು. ಸಂಚಾಲಕರ ಒತ್ತಡಕ್ಕೆ ಇನ್ನೂ ಕೆಲವು ಸಲ ಮಣಿಯದೆ ನಿಂತೆ. ಒಮ್ಮೆ ಬಡ್ತಿ ತಪ್ಪಿತು.

ತೊಂಬತ್ತರ ದಶಕ ಶುರುವಾದಾಗ ಚೀಫ್ ಸಾಹೇಬರು ನಿವೃತ್ತರಾದರು. ಬೀಳ್ಕೊಡುಗೆಗೆ ಮುಂಚೆ ನನ್ನ ಕೋಣೆಗೆ ಬಂದು, ತಮ್ಮ ಜಾಗಕ್ಕೆ ಹೊರಗಿನಿಂದ ಯಾರನ್ನೂ ತರಬೇಡಿ, ಆ ನಿಪ್ಪಾಣಿಯವನೇ ಸಾಕು ಎಂದರು. ಅವನಿನ್ನೂ ಸಣ್ಣವನಲ್ಲವೇ ಎಂದು ಸಂಚಾಲಕರು ಅನ್ನುತ್ತಾರೆ ಎಂದೆ.

"ಅಂತಾರ್ರಿ," ಎಂದರು ಅವರು. "ನೀವು ಕೇಳಬ್ಯಾಡ್ರಿ."

ಕೇಳಲಿಲ್ಲ. ಅವನ ನೇಮಕಕ್ಕೆ ಕರೆದ ಸಂಚಾಲಕರ ಸಭೆಯಲ್ಲಿ ಬೆಳಗಿನಿಂದ ಕೂತು, ಊಟದ ಹೊತ್ತು ಮೀರಿದ ಮೇಲೆ ಒಪ್ಪಿಗೆ ಪಡೆದುಕೊಂಡೇ ಎದ್ದೆ.